ಚಂದಾ ಮುಗೀತು ಅಂತ ನನ್ನ ತೋಟದ ಲೆಕ್ಕಕ್ಕೇ ಬೀಗ ಹಾಕೋದಾ?



ಹದಿನೈದು ದಿನದಿಂದ ಏನೂ ಬರೆದಿರಲಿಲ್ಲ. ದಾಳಿಂಬೆ ಕಾಯಿ ಕಿತ್ತು, ಗಾಡಿ ಕಳಿಸಿ, ಕೂಲಿಯೋರ ಲೆಕ್ಕ ಚುಕ್ತಾ ಮಾಡಿ ಈಗ ಕೂತಿದ್ದೀನಿ. ಇವತ್ತಿಂದು ಸ್ವಲ್ಪ ಉದ್ದ ಆಗುತ್ತೆ, ಸ್ವಲ್ಪ ಖಾರಾನೂ ಇರುತ್ತೆ. ಆದ್ರೂ ತೋಟದಲ್ಲಿ ಹವಾಮಾನದ ಯಂತ್ರ ಹಾಕಿಸಿರೋರು, ಹಾಕಿಸಬೇಕು ಅಂತ ಇರೋರು ಪೂರ್ತಿ ಓದಿ. ಕಂಪನಿ ಹೆಸರು ಬರೆಯಲ್ಲ. ಒಂದು ಕಂಪನಿ ಹೆಸರು ಹೇಳಿದ್ರೆ ಉಳಿದೋರೆಲ್ಲಾ ಒಳ್ಳೇರು ಅಂದಂಗಾಗುತ್ತೆ. ಇದು ಒಬ್ಬರ ತಪ್ಪಲ್ಲ, ಈಗ ಶುರುವಾಗಿರೋ ಒಂದು ಪದ್ಧತಿ. ನನ್ನ ಜಗಳ ಆ ಪದ್ಧತಿ ಮೇಲೆ.

ನನ್ನದು ನಾಲ್ಕು ಎಕರೆ ಅಂತ ನಿಮಗೆಲ್ಲಾ ಗೊತ್ತು. ಎರಡು ಎಕರೆ ಭಗ್ವಾ ದಾಳಿಂಬೆ, ಸುಮಾರು ಏಳುನೂರು ಗಿಡ. ಒಂದು ಎಕರೆ ಅಡಿಕೆ, ಉಳಿದದ್ದು ರಾಗಿ, ಅವರೆ. ಮೂರು ವರ್ಷದ ಹಿಂದೆ 42 ಸಾವಿರ ಕೊಟ್ಟು ಆ ಯಂತ್ರ ನೆಡಿಸಿದೆ. ಒಂದು ಕಂಬ, ಮೇಲೊಂದು ಸೋಲಾರ್ ಪ್ಲೇಟು, ಮಳೆ ಅಳೆಯೋ ಡಬ್ಬಿ, ಎಲೆ ಎಷ್ಟು ಹೊತ್ತು ಒದ್ದೆಯಾಗಿತ್ತು ಅಂತ ನೋಡೋ ಒಂದು ಪಟ್ಟಿ, ಮಣ್ಣಿನ ತೇವ ನೋಡೋಕೆ ಒಂದಡಿ ಆಳಕ್ಕೊಂದು, ಒಂದೂವರೆ ಅಡಿ ಆಳಕ್ಕೊಂದು ಸೆನ್ಸರ್. ಒಳಗಿರೋ ಸಿಮ್ಮಿನಿಂದ ಲೆಕ್ಕ ಎಲ್ಲಾ ಕಂಪನಿ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ನನ್ನ ಮೊಬೈಲಿಗೆ ಬರುತ್ತೆ. ಮೊದಲ ವರ್ಷ ಸರ್ವೀಸ್ ಫ್ರೀ, ಆಮೇಲೆ ವರ್ಷಕ್ಕೆ ಏಳು ಸಾವಿರ ಚಂದಾ.

ಸುಳ್ಳು ಹೇಳಬಾರದು, ಯಂತ್ರದಿಂದ ಉಪಯೋಗ ಆಗಿದೆ. ಮೊದಲು ಡ್ರಿಪ್ ಎರಡು ಗಂಟೆ ಬಿಡ್ತಿದ್ದೆ, ಕೆಳಗಿನ ತೇವ ನೋಡ್ಕೊಂಡು ಮೇಲೆ ಒಂದೂಕಾಲು ಗಂಟೆಗೆ ಇಳಿಸಿದೆ. ಗಿಡ ಏನೂ ಬಾಡಲಿಲ್ಲ, ಕರೆಂಟೂ ಉಳೀತು, ಬೋರೂ ಉಳೀತು. ಎಲೆ ಜಾಸ್ತಿ ಹೊತ್ತು ಒದ್ದೆ ಇದ್ರೆ ಮೊಬೈಲಿಗೆ ಕೆಂಪು ಬಣ್ಣದ ಎಚ್ಚರಿಕೆ ಬರ್ತಿತ್ತು. ಮಳೆ ಬಿಡುವು ಕೊಟ್ಟ ಕೂಡಲೇ ತಾಮ್ರದ ಔಷಧಿ ಹೊಡೀತಿದ್ದೆ. ಎರಡು ವರ್ಷ ಬ್ಲೈಟ್ ನಮ್ಮ ತೋಟದಲ್ಲಿ ತಲೆ ಎತ್ತಲಿಲ್ಲ.

ಇನ್ನೊಂದು ಕೆಲಸಾನೂ ಮಾಡಿದ್ದೆ. ದಿನಾ ಸಾಯಂಕಾಲ ಅದೇ ಆ್ಯಪಿನಲ್ಲಿ ಬರೀತಿದ್ದೆ. ಯಾವ ದಿನ ಎಲೆ ಉದುರಿಸಿದೆ, ಯಾವಾಗ ಮೊಗ್ಗು ಕಾಣ್ತು, ಯಾವ ಔಷಧಿ ಎಷ್ಟು ಲೀಟರ್, ಎಷ್ಟು ಆಳು, ಎಷ್ಟು ಕೂಲಿ, ಎಲ್ಲಾ. ರೋಗದ ಎಲೆ ಫೋಟೋ ಹಾಕಿದ್ರೆ ಅವರ ಕಡೆ ಓದಿರೋ ಹುಡುಗರು ಉತ್ತರ ಕೊಡ್ತಿದ್ರು. ಹೀಗೆ ಮೂರು ವರ್ಷದ ನನ್ನ ಬೇಸಾಯ ಪೂರ್ತಿ ಅದರೊಳಗೆ ಕೂತಿತ್ತು. ಪುಸ್ತಕದಲ್ಲಿ ಬರೆಯೋ ಅಭ್ಯಾಸ ಬಿಟ್ಟೇ ಬಿಟ್ಟೆ. ನಾನು ಮಾಡಿದ ದೊಡ್ಡ ತಪ್ಪು ಅದು.

ಹೋದ ಅಕ್ಟೋಬರ್ 12ಕ್ಕೆ ಚಂದಾ ಮುಗೀತು. ಅದರ ಮೆಸೇಜ್ ಬೆಂಗಳೂರಲ್ಲಿರೋ ಮಗನ ನಂಬರಿಗೆ ಹೋಗಿದೆ, ಇಂಗ್ಲಿಷಿನಲ್ಲಿ. ಅವನು ಯಾವುದೋ ಜಾಹೀರಾತು ಅಂತ ಬಿಟ್ಟಿದ್ದಾನೆ. ಇದರಲ್ಲಿ ನಮ್ಮದೂ ತಪ್ಪಿದೆ, ಒಪ್ಕೊಂತೀನಿ. ತಾರೀಖು ನೆನಪಿಟ್ಟುಕೊಳ್ಳಬೇಕಾದೋನು ನಾನೇ.

ಆಗ ಚಿತ್ತೆ ಮಳೆ ನಡೀತಿತ್ತು. ನಾನು ಹಸ್ತ ಬಹಾರ್ ಹಿಡಿದಿದ್ದೆ, ಗಿಡದ ತುಂಬಾ ಹೊಸ ಚಿಗುರು, ಮೊಗ್ಗು. ಮೂರು ದಿನ ಬಿಡದಂಗೆ ಜಿಟಿಜಿಟಿ ಹಿಡ್ಕೊಂತು. ದಾಳಿಂಬೆ ಬೆಳೆಯೋರಿಗೆ ಗೊತ್ತು, ಬ್ಲೈಟಿಗೆ ಇದಕ್ಕಿಂತ ಒಳ್ಳೇ ಹಬ್ಬ ಇಲ್ಲ. ಸೆಕೆ ಇದೆ, ಗಾಳೀಲಿ ತೇವ ಇದೆ, ಹನಿ ಸಿಡಿದು ಒಂದು ಎಲೆಯಿಂದ ಇನ್ನೊಂದಕ್ಕೆ ಹಾರುತ್ತೆ. ನಾನು ಮೊಬೈಲ್ ನೋಡ್ತಾನೇ ಇದ್ದೆ. ಎಚ್ಚರಿಕೆ ಬರಲಿಲ್ಲ. ಎರಡು ವರ್ಷ ತಪ್ಪದೆ ಬಂದಿದ್ದು ಈಗ ಬಂದಿಲ್ಲ ಅಂದ್ರೆ ಅಪಾಯ ಇಲ್ಲ ಅಂತ ತಾನೇ ಅರ್ಥ? ಹೆಂಡತಿ ಅಂದ್ಲು, "ಮೋಡ ನೋಡಿದ್ರೇ ಗೊತ್ತಾಗುತ್ತೆ, ಒಂದು ಸಲ ಹೊಡೆದು ಬಿಡಿ" ಅಂತ. ನಾನು, "ಮಿಷನ್ನೇ ಹೇಳ್ತಿಲ್ಲ, ನಿಂದೊಂದು" ಅಂದೆ. ಆ ಮಾತು ಈಗಲೂ ಮನೇಲಿ ವಾರಕ್ಕೊಂದು ಸಲ ನನಗೆ ವಾಪಸ್ ಬರುತ್ತೆ.

ಹತ್ತು ದಿನಕ್ಕೆ ಎಲೆ ಮೇಲೆ ಎಣ್ಣೆ ತಾಗಿದಂಗೆ ಚುಕ್ಕೆ ಕಂಡ್ವು. ಆ್ಯಪ್ ತೆಗೆದ್ರೆ ಬೀಗದ ಚಿತ್ರ, ಸದಸ್ಯತ್ವ ಮುಗಿದಿದೆ, ರಿನೀವಲ್ ಮಾಡಿ ಅಂತ. ಅವತ್ತು ಗೊತ್ತಾಯ್ತು ನನಗೆ, ಅಷ್ಟು ದಿನ ಎಚ್ಚರಿಕೆ ಯಾಕೆ ಬಂದಿಲ್ಲ ಅಂತ.

ಎಲೆ ತಗೊಂಡು ಬಬ್ಬೂರು ಫಾರಂಗೆ ಹೋದೆ. ಅಲ್ಲಿನೋರು ಕೇಳಿದ ಮೊದಲ ಪ್ರಶ್ನೆ, "ಹೋದ ಎರಡು ತಿಂಗಳಲ್ಲಿ ಏನೇನು ಹೊಡೆದಿದ್ದೀರ, ಯಾವ ತಾರೀಖು?" ನಾನು ಮೊಬೈಲ್ ತೋರಿಸಿದೆ. ಅದರಲ್ಲಿ ಬೀಗದ ಚಿತ್ರ! ನನ್ನ ಬೆರಳಿನಿಂದ ನಾನೇ ಒತ್ತಿ ಬರೆದಿದ್ದು, ನಾನೇ ಓದೋ ಹಂಗಿಲ್ಲ.

ಕಂಪನಿಗೆ ಫೋನ್ ಮಾಡಿದೆ. ಆ ಕಡೆ ಹುಡುಗ ಮರ್ಯಾದೆಯಿಂದಲೇ ಮಾತಾಡಿದ. "ಸಾರ್, ಪೇಮೆಂಟ್ ಮಾಡಿದ್ರೆ ಓಪನ್ ಆಗುತ್ತೆ."

"ಅಲ್ಲಪ್ಪಾ, ನನಗೆ ಹೊಸದೇನೂ ಬೇಡ. ಹಿಂದೆ ನಾನು ಬರೆದಿರೋ ಔಷಧಿ ಲೆಕ್ಕ ಅಷ್ಟು ಕಳಿಸು."

"ಸಿಸ್ಟಮ್‌ನಲ್ಲಿ ಆ ಆಪ್ಷನ್ ಇಲ್ಲ ಸಾರ್. ಮೂರು ತಿಂಗಳೊಳಗೆ ರಿನೀವಲ್ ಆಗದಿದ್ರೆ ಡೇಟಾ ಡಿಲೀಟ್ ಆಗಿಬಿಡುತ್ತೆ, ನೋಡಿ."

ಕಟ್ಟಿದೆ. ಏಳು ಸಾವಿರ ಚಂದಾ, ಮೇಲೆ ಮತ್ತೆ ಚಾಲೂ ಮಾಡೋಕೆ ಅಂತ ಒಂದೂವರೆ ಸಾವಿರ. ಬೀಗ ತೆಗೀತು. ಅವತ್ತಿಂದ ನಾಲ್ಕು ರಾತ್ರಿ ಸೊಸೆ ಮೊಬೈಲ್ ನೋಡಿ ಓದ್ತಾ ಹೋದಳು, ನಾನು ಬರೀತಾ ಹೋದೆ. 200 ಪುಟದ ನೋಟ್‌ಬುಕ್ ಮೂರು ತುಂಬಿದ್ವು.

ಸುಗ್ಗಿಗೆ ಬಂದಾಗ ತೊಂಬತ್ತು ಗಿಡದ ಕಾಯಿ ಕೈಗೆ ಸಿಗಲಿಲ್ಲ. ಚುಕ್ಕೆ ಬಿದ್ದು, ಸಿಪ್ಪೆ ಸೀಳಿ ಹೋಗಿದ್ವು. ರೋಗ ತಂದಿದ್ದು ಮಳೆ, ಕಂಪನಿ ಅಲ್ಲ. ಸಕಾಲಕ್ಕೆ ಹೊಡೆದಿದ್ರೂ ಒಂದಷ್ಟು ಹೋಗ್ತಿತ್ತೇನೋ. ಬೆಳೆ ಹೋಗಿದ್ದಕ್ಕೆ ನಾನು ಅವರನ್ನ ಬೈತಿಲ್ಲ. ನಾನು ಬೈತಿರೋದು ಎರಡೇ ವಿಷಯಕ್ಕೆ.

ಒಂದನೇದು: ಹೇಳದೆ ಸುಮ್ಮನಾಗಿದ್ದು.

ತೋಟಕ್ಕೆ ಕಾವಲಿಗೆ ಒಬ್ಬನ್ನ ಇಟ್ಕೊಂಡಿದ್ದೀವಿ ಅಂತ ಇಟ್ಕೊಳ್ಳಿ. ಸಂಬಳ ಕೊಡಲಿಲ್ಲ, ಬಿಟ್ಟು ಹೋಗ್ತಾನೆ. ನ್ಯಾಯವೇ. ಆದ್ರೆ "ನಾಳೆಯಿಂದ ಬರಲ್ಲ ಅಣ್ಣ" ಅಂತ ಹೇಳಿ ಹೋಗ್ತಾನೆ. ಅವನು ಹೇಳದೆ ಹೋಗಿ, ಗುಡಿಸಲಲ್ಲಿ ದೀಪ ಮಾತ್ರ ಉರಿಯೋ ಹಂಗೆ ಬಿಟ್ರೆ? ನಾವು ಕಾವಲಿದೆ ಅಂತ ನೆಮ್ಮದಿಯಾಗಿ ಮಲಗ್ತೀವಿ. ಕಾವಲು ಇಲ್ಲ ಅಂತ ಗೊತ್ತಿದ್ರೆ ನಾವೇ ಎದ್ದು ಒಂದು ಸುತ್ತು ಹಾಕ್ತೀವಿ. ನನಗೆ ಆಗಿದ್ದು ಇದೇ. ಕಂಬ ನಿಂತಿತ್ತು, ಸೋಲಾರ್ ಪ್ಲೇಟ್ ಮಿಂಚ್ತಿತ್ತು, ಸಣ್ಣ ಹಸಿರು ದೀಪ ಕಣ್ಣು ಮಿಟುಕಿಸ್ತಿತ್ತು. ಎಚ್ಚರಿಕೆ ಮಾತ್ರ ನಿಂತಿತ್ತು. "ಅಪಾಯ ಇಲ್ಲ" ಅನ್ನೋದಕ್ಕೂ "ನಾವು ನೋಡ್ತಿಲ್ಲ" ಅನ್ನೋದಕ್ಕೂ ವ್ಯತ್ಯಾಸ ಗೊತ್ತಾಗದಂಗೆ ಮಾಡೋದು ವ್ಯಾಪಾರ ಅಲ್ಲ, ಮೋಸದ ಪಕ್ಕದ ಮನೆ.

ಎರಡನೇದು: ನಿನ್ನೆಗೆ ಬೀಗ ಹಾಕಿದ್ದು.

ಚಂದಾ ಅಂದ್ರೆ ಏನು? ಇಷ್ಟು ದುಡ್ಡಿಗೆ ಇಷ್ಟು ದಿನದ ಸೇವೆ. ದುಡ್ಡು ಮುಗಿದ ಮೇಲೆ ನಾಳೆದು ಕೊಡಬೇಡಿ. ಆದ್ರೆ ನಿನ್ನೆ ದುಡ್ಡು ತಗೊಂಡು ಕೊಟ್ಟಿದ್ದನ್ನ ವಾಪಸ್ ಕಿತ್ಕೊಳ್ಳೋದು ಯಾವ ಸೀಮೆ ನ್ಯಾಯ?

ಪುತ್ತೂರಿನಿಂದ ಬರೋ ಅಡಿಕೆ ಪತ್ರಿಕೆ ನಿಮ್ಮಲ್ಲಿ ಕೆಲವರು ನೋಡಿದ್ದೀರ. 1988ರಿಂದ ರೈತರೇ ಬರೆದು ನಡೆಸ್ಕೊಂಡು ಬಂದಿರೋ ಪತ್ರಿಕೆ. ನಾನೂ ಎರಡು ವರ್ಷ ಚಂದಾ ಕಟ್ಟಿದ್ದೆ. ಆಮೇಲೆ ಕಟ್ಟಲಿಲ್ಲ. ಏನಾಯ್ತು? ಹೊಸ ಸಂಚಿಕೆ ಬರೋದು ನಿಂತ್ತು. ಹಳೇದೆಲ್ಲಾ ಅಟ್ಟದ ಮೇಲೆ ಟ್ರಂಕಿನಲ್ಲಿ ಈಗಲೂ ಇದಾವೆ. ಚಂದಾ ಮುಗೀತು ಅಂತ ಅಂಚೆಯಣ್ಣ ಬಂದು ಟ್ರಂಕಿಗೆ ಬೀಗ ಜಡಿದು ಹೋಗಲಿಲ್ಲ. ಹೈಬ್ರಿಡ್ ಜೋಳದ ಬೀಜ ತರ್ತೀವಿ. ಮುಂದಿನ ವರ್ಷಕ್ಕೆ ಮತ್ತೆ ಕಂಪನಿ ಬೀಜಾನೇ ತರಬೇಕು. ಆದ್ರೆ ಈ ವರ್ಷ ಬೆಳೆದ ಜೋಳ ಮನೇಲೇ ಇರುತ್ತೆ. ಒಡವೆ ಅಡ ಇಟ್ಟು ಬಡ್ಡಿ ಕಟ್ಟದಿದ್ರೂ ಬ್ಯಾಂಕಿನೋರು ಹರಾಜಿಗೆ ಮುಂಚೆ ನೋಟಿಸ್ ಕಳಿಸ್ತಾರೆ. ಸಾಲ ತಗೊಂಡೋನಿಗೆ ಇರೋ ಮರ್ಯಾದೆ, ಮೂರು ವರ್ಷ ದುಡ್ಡು ಕೊಟ್ಟೋನಿಗೆ ಇಲ್ವಾ?

2015ರಲ್ಲಿ ಕೇಂದ್ರ ಸರ್ಕಾರ ಮಣ್ಣು ಆರೋಗ್ಯ ಚೀಟಿ ಶುರು ಮಾಡ್ತು. ಅದರ ಬಗ್ಗೆ ನನಗೂ ಸಾವಿರ ತಕರಾರಿದೆ, ಹಿಂದೆ ಬರೆದಿದ್ದೀನಿ. ಆದ್ರೆ ಒಂದು ಗುಣ ಒಪ್ಪಬೇಕು. ಚೀಟಿ ನಮ್ಮ ಕೈಲಿರುತ್ತೆ. ಯಾವತ್ತು ಬೇಕಾದ್ರೂ ತೆಗೆದು ಸಾರಜನಕ ಎಷ್ಟು, ರಂಜಕ ಎಷ್ಟು ಅಂತ ನೋಡಬಹುದು. ನಮ್ಮ ಹೊಲದ ಮಣ್ಣಿನ ಲೆಕ್ಕ ನಮ್ಮ ಮನೇಲಿ ಇರಬೇಕು ಅನ್ನೋದು ದೊಡ್ಡ ತತ್ವ ಏನಲ್ಲ, ಸಾಮಾನ್ಯ ಬುದ್ಧಿ.

ಈಗ ಅವರ ಕಡೆ ಮಾತೂ ಕೇಳೋಣ. ಸಿಮ್ಮಿಗೆ ದುಡ್ಡು ಬೇಕು, ಕಂಪ್ಯೂಟರಿಗೆ ಬೇಕು, ಉತ್ತರ ಕೊಡೋ ಹುಡುಗರಿಗೆ ಸಂಬಳ ಬೇಕು. ನಿಜ. ನಾವು ರೈತರಿಗೂ ಒಂದು ಕೆಟ್ಟ ಚಾಳಿ ಇದೆ. ಯಂತ್ರಕ್ಕೆ 42 ಸಾವಿರ ಕೊಡ್ತೀವಿ, ಸಲಹೆಗೆ ನಾನೂರು ರೂಪಾಯಿ ಕೇಳಿದ್ರೆ ಮುಖ ಸಿಂಡರಿಸ್ತೀವಿ. ಕಣ್ಣಿಗೆ ಕಾಣದ ಕೆಲಸಕ್ಕೆ ಬೆಲೆ ಕೊಡೋದು ನಾವೂ ಕಲೀಬೇಕು. ನಾನು ಧರ್ಮಕ್ಕೆ ಕೊಡಿ ಅಂತ ಕೇಳ್ತಿಲ್ಲ. ಹೊಸ ಲೆಕ್ಕ ನಿಲ್ಲಿಸಿ, ಎಚ್ಚರಿಕೆ ನಿಲ್ಲಿಸಿ, ಸಲಹೆ ನಿಲ್ಲಿಸಿ. ಹಳೇ ಲೆಕ್ಕ ಒಂದು ಫೈಲಿಗೆ ಹಾಕಿ ಕೊಡೋಕೆ ಎಷ್ಟು ಖರ್ಚಾಗುತ್ತೆ? ಮೂರು ವರ್ಷದ ಅಂಕಿಸಂಖ್ಯೆ ಎಲ್ಲಾ ಸೇರಿದ್ರೂ ಮದುವೆ ವೀಡಿಯೋದಷ್ಟು ಜಾಗ ಹಿಡಿಯಲ್ಲ. ಕೊಡದೇ ಇರೋದು ಖರ್ಚಿಗಲ್ಲ. ಹಳೇದು ಅವರ ಹತ್ರ ಇದ್ರೆ ನಾವು ಬಿಟ್ಟು ಹೋಗಲ್ಲ ಅನ್ನೋ ಲೆಕ್ಕಾಚಾರಕ್ಕೆ. ಕರು ಕಟ್ಟಿಹಾಕಿದ್ರೆ ಹಸು ಎಲ್ಲೂ ಹೋಗಲ್ಲ ಅಂತಾರಲ್ಲ, ಹಂಗೆ.

ಇನ್ನೊಂದು ಕೇಳಬೇಕಾದ ಮಾತಿದೆ. ನನಗೆ ಬೀಗ ಹಾಕಿದ ಮೇಲೂ ಆ ಲೆಕ್ಕ ಅವರ ಹತ್ರ ಮೂರು ತಿಂಗಳು ಇರುತ್ತಲ್ಲ, ಅದನ್ನ ಯಾರು ಯಾರು ನೋಡ್ತಾರೆ? ಯಾವ ಹೋಬಳೀಲಿ ಯಾವ ವಾರ ರೋಗ ಬಂತು, ಯಾರ ತೋಟದಲ್ಲಿ ಕಾಯಿ ಎಷ್ಟಿದೆ ಅನ್ನೋದು ಔಷಧಿ ಮಾರೋರಿಗೂ ಬೇಕಾದ ಮಾಹಿತಿ, ಕಾಯಿ ಕೊಳ್ಳೋರಿಗೂ ಬೇಕಾದ ಮಾಹಿತಿ. ಅವರು ಮಾರಿದ್ದಾರೆ ಅಂತ ನಾನು ಹೇಳ್ತಿಲ್ಲ. ಮಾರಲ್ಲ ಅಂತ ಎಲ್ಲಿ ಬರೆದುಕೊಟ್ಟಿದ್ದೀರಿ ಅಂತ ಕೇಳ್ತಿದ್ದೀನಿ.

ಇದಕ್ಕೆ ಕಾನೂನು ಏನಿದೆ ಅಂತ ಮಗನ್ನ ಹುಡುಕೋಕೆ ಹೇಳಿದೆ. ನಮ್ಮ ದೇಶದಲ್ಲಿ 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ ಒಂದು ಕಾಯ್ದೆ ಆಗಿದೆ. ಹೆಸರೇ ಹೇಳೋ ಹಂಗೆ ಅದು ವ್ಯಕ್ತಿಯ ಮಾಹಿತಿಗೆ ಸಂಬಂಧಪಟ್ಟಿದ್ದು. ಮಣ್ಣಿನ ತೇವ, ಎಲೆಯ ಒದ್ದೆ ಇವನ್ನ ರೈತ ತನ್ನ ಜೊತೆ ತಗೊಂಡು ಹೋಗಬಹುದು ಅಂತ ಅದು ಬಾಯಿಬಿಟ್ಟು ಹೇಳಲ್ಲ. ಯುರೋಪಿನ ಒಕ್ಕೂಟದೋರು ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. 2025ರ ಸೆಪ್ಟೆಂಬರ್ 12ರಿಂದ ಅಲ್ಲಿ ಡೇಟಾ ಆ್ಯಕ್ಟ್ ಅಂತ ಕಾನೂನು ಜಾರಿಗೆ ಬಂದಿದೆ. ನೆಟ್ಟಿಗೆ ಸೇರಿಸಿರೋ ಯಂತ್ರ ಯಾರು ಬಳಸ್ತಾರೋ, ಅದರಿಂದ ಹುಟ್ಟೋ ಮಾಹಿತಿ ಅವರಿಗೆ ಸಿಗಬೇಕು, ಅದೂ ಪುಕ್ಕಟೆ ಅಂತ. ಬೇಸಾಯದ ಯಂತ್ರಗಳೂ ಅದರಲ್ಲಿ ಸೇರಿವೆ. ಅಲ್ಲಿನ ರೈತನಿಗೆ ಸಿಗೋ ಮರ್ಯಾದೆ ಹೊಸದುರ್ಗದ ರೈತನಿಗೆ ಯಾಕೆ ಬೇಡ?

ಇಂಥ ಜಗಳ ನಮಗೇನು ಹೊಸದಲ್ಲ. ತೊಂಬತ್ತರ ದಶಕದಲ್ಲಿ ಬೀಜದ ವಿಷಯಕ್ಕೆ ಇದೇ ಜಗಳ ಆಗಿತ್ತು. ಪ್ರೊ. ನಂಜುಂಡಸ್ವಾಮಿಯವರ ಜೊತೆ ಹಸಿರು ಶಾಲು ಹಾಕ್ಕೊಂಡು ಬೆಂಗಳೂರಿಗೆ ಹೋದೋರು ನಮ್ಮ ಕಡೆ ಇನ್ನೂ ಇದ್ದಾರೆ. "ಬೀಜ ಕಂಪನಿಯೋರದ್ದು, ನಿಮ್ಮದೇನು?" ಅಂತ ಅವತ್ತು ಕೇಳಿದ್ರು. ಆಮೇಲೆ 2001ರಲ್ಲಿ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆ ಬಂತು. ಬೆಳೆದ ಬೀಜನ ಉಳಿಸ್ಕೊಳ್ಳೋದು, ಮತ್ತೆ ಬಿತ್ತೋದು, ಬೇರೆಯೋರ ಜೊತೆ ಹಂಚ್ಕೊಳ್ಳೋದು, ಬ್ರಾಂಡ್ ಹೆಸರು ಹಾಕದೆ ಮಾರೋದು ರೈತನ ಹಕ್ಕು ಅಂತ ಅದರಲ್ಲಿ ಬರೆದಿದ್ದಾರೆ. ಬೀಜದಲ್ಲಿ ಗೆದ್ದ ಮಾತು ಲೆಕ್ಕದಲ್ಲಿ ಸೋಲಬಾರದು. ಮೂರು ವರ್ಷದ ಬೇಸಾಯದ ಅನುಭವಾನೂ ಒಂದು ಬೀಜವೇ. ಮುಂದಿನ ವರ್ಷ ಅದನ್ನೇ ಬಿತ್ತೋದು ನಾವು.

ನಾನು ಕೇಳೋದು ಇಷ್ಟು.

1. ಚಂದಾ ಮುಗಿಯೋ ಹದಿನೈದು ದಿನ ಮುಂಚೆ ಕನ್ನಡದಲ್ಲಿ ಫೋನ್ ಮಾಡಿ ಹೇಳಬೇಕು. ಮುಗಿದ ದಿನದಿಂದ ದಿನಾ ಒಂದು ಮೆಸೇಜ್ ಬರಬೇಕು: "ನಿಮ್ಮ ತೋಟಕ್ಕೆ ಎಚ್ಚರಿಕೆ ಕೊಡೋದು ನಿಂತಿದೆ" ಅಂತ.

2. ಹಳೇ ಲೆಕ್ಕ, ನಾವು ಬರೆದಿದ್ದು, ನಮ್ಮ ಫೋಟೋ, ಅದಕ್ಕೆ ಬಂದ ಉತ್ತರ ಇವು ಚಂದಾ ಇರಲಿ ಬಿಡಲಿ ಓದೋಕೆ ಸಿಗಬೇಕು. ಕೇಳಿದ್ರೆ ಫೈಲ್ ಮಾಡಿ ಕೊಡಬೇಕು.

3. ಮಳೆ ಡಬ್ಬಿ, ತೇವದ ಸೆನ್ಸರ್ ಇವು ನಮ್ಮ ದುಡ್ಡಿನ ವಸ್ತು. ಚಂದಾ ಇಲ್ಲದಿದ್ರೂ ಕಂಬದ ಹತ್ರ ಹೋಗಿ ನಿಂತ್ರೆ ಇವತ್ತಿನ ಅಂಕಿ ಕಾಣಬೇಕು. 42 ಸಾವಿರ ಕೊಟ್ಟು ಯಾರೂ ಬೆದರುಬೊಂಬೆ ತರಲ್ಲ.

4. ಇಂಥ ಯಂತ್ರಕ್ಕೆ ಸರ್ಕಾರದ ಸಹಾಯಧನ ಸಿಗೋದಾದ್ರೆ, ಈ ಮೂರೂ ಷರತ್ತು ಒಪ್ಪಿದ ಕಂಪನಿಗೆ ಮಾತ್ರ ಸಿಗಬೇಕು. ತೆರಿಗೆ ದುಡ್ಡು ಹಾಕಿ ರೈತನಿಗೆ ಬೀಗ ಕೊಡಿಸೋದು ಬೇಡ.

ಒಬ್ಬೊಬ್ಬರೇ ಕೇಳಿದ್ರೆ "ಸಿಸ್ಟಮ್‌ನಲ್ಲಿ ಇಲ್ಲ ಸಾರ್" ಅಂತಾರೆ. ನಮ್ಮ ಸುತ್ತಮುತ್ತ ಹನ್ನೊಂದು ತೋಟದಲ್ಲಿ ಇದೇ ಥರ ಕಂಬ ಇದಾವೆ, ನಾನು ಎಣಿಸಿದ್ದೀನಿ. ಹನ್ನೊಂದು ಜನ ಒಂದೇ ಕಾಗದಕ್ಕೆ ಸಹಿ ಹಾಕಿ, ಈ ಷರತ್ತು ಬರೆದುಕೊಟ್ರೆ ರಿನೀವಲ್, ಇಲ್ಲದಿದ್ರೆ ಇಲ್ಲ ಅಂದ್ರೆ ಸಿಸ್ಟಮ್‌ನಲ್ಲಿ ಆಪ್ಷನ್ ತಾನಾಗೇ ಹುಟ್ಟುತ್ತೆ. ಕಾಗದ ನಾನು ಬರೆದಿಟ್ಟಿದ್ದೀನಿ. ನನ್ನ ಸಹಿ ಆಗಿದೆ.

ಅಲ್ಲಿವರೆಗೆ ನಾವು ಮಾಡಬೇಕಾದ್ದು ಏನು ಅಂದ್ರೆ:

ಚಂದಾ ಮುಗಿಯೋ ತಾರೀಖನ್ನ ಗೋಡೆ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿಂದ ಗುರುತು ಹಾಕಿ. ಹೊಲದಲ್ಲಿ ಯಾರು ಓಡಾಡ್ತಾರೋ ಅವರ ನಂಬರ್ ಕೊಡಿ, ಊರು ಬಿಟ್ಟಿರೋ ಮಕ್ಕಳದ್ದಲ್ಲ. ಔಷಧಿ ಹೊಡೆದ ತಾರೀಖು, ಹೆಸರು, ಪ್ರಮಾಣ ಮೂರನ್ನೂ ಪುಸ್ತಕದಲ್ಲೂ ಬರೀರಿ. ಕಾಯಿ ಹೊರದೇಶಕ್ಕೆ ಹೋಗೋದಾದ್ರೆ ಆ ಲೆಕ್ಕ ಇಲ್ಲದೆ ಆಗಲ್ಲ. ತಿಂಗಳ ಕೊನೆಗೆ ಮಳೆ ಮತ್ತು ತೇವದ ಅಂಕಿ ಇರೋ ಪುಟದ ಫೋಟೋ ಹೊಡೆದು ಇಟ್ಕೊಳ್ಳಿ. ಸರ್ಕಾರದ್ದು ಪುಕ್ಕಟೆ ಸಿಗೋದನ್ನೂ ಬಿಡಬೇಡಿ. ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್ 2019ರಿಂದ ಇದೆ, ಮಂಗಳವಾರ ಶುಕ್ರವಾರ ಸಲಹೆ ಬರುತ್ತೆ. ರಾಜ್ಯದ್ದು ವರುಣಮಿತ್ರ ಸಹಾಯವಾಣಿ ಇದೆ, ಫೋನ್ ಮಾಡಿ ಕೇಳಬಹುದು. ನಿಮ್ಮ ಗಿಡದ ಎಲೆ ಒದ್ದೆ ಇದೆಯಾ ಅಂತ ಅವು ಹೇಳಲ್ಲ, ಮಳೆ ಬರೋ ಅಂದಾಜು ಹೇಳ್ತಾವೆ. ಎಲೆ ನೋಡೋಕೆ ನಮಗೆ ಕಣ್ಣಿದೆ.

ಮತ್ತೆ ಮನೇಲಿ ಹೆಂಗಸರು ಮೋಡ ನೋಡಿ ಔಷಧಿ ಹೊಡೀರಿ ಅಂದ್ರೆ ಹೊಡೀರಿ. ಅವರ ಚಂದಾ ಮುಗಿಯಲ್ಲ.

ಈ ವರ್ಷದ್ದೂ ಅಕ್ಟೋಬರಿಗೆ ಮುಗಿಯುತ್ತೆ. ಮತ್ತೆ ಕಟ್ತೀನಾ ಅಂತ ಕೇಳಿದ್ರೆ, ಷರತ್ತು ಬರೆದುಕೊಟ್ರೆ ಸಂತೋಷವಾಗಿ ಕಟ್ತೀನಿ, ಯಂತ್ರದ ಮೇಲೆ ನನಗೆ ದ್ವೇಷ ಇಲ್ಲ. ಬರೆದುಕೊಡದಿದ್ರೆ ಕಟ್ಟಲ್ಲ. ನೋಟ್‌ಬುಕ್ ನಾಲ್ಕನೇದು ಶುರುವಾಗಿದೆ. ಹತ್ತು ರೂಪಾಯಿ ಪೆನ್ನು, ದಿನಾ ಸಾಯಂಕಾಲ ಐದು ನಿಮಿಷ.

ಕಂಬ ಇರೋ ಹನ್ನೊಂದು ಜನದಲ್ಲಿ ನೀವೂ ಒಬ್ಬರಾಗಿದ್ರೆ ಸಂತೆ ದಿನ ಸಿಗಿ. ಕಾಗದ ಜೇಬಲ್ಲೇ ಇಟ್ಕೊಂಡಿರ್ತೀನಿ.